ಒಂದನೇ ತರಗತಿಯ ಮಕ್ಕಳು ಬಾಯಿ ಬಿಡುವ ಬಗ್ಗೆ

ಸಂಖ್ಯೆ: ಧ್ವನಿ/ಒ.ತ./17

ವಿಷಯ: ಎಳೆಯ ಮಕ್ಕಳು ಶಾಲೆಯಲ್ಲಿ ತಮ್ಮ ದನಿ ಬಳಸುವಂತೆ ಉತ್ತೇಜಿಸುವ ಕುರಿತು.

ಉಲ್ಲೇಖ: (1) ಮಕ್ಕಳು ಬಾಯಿ ಮುಚ್ಚಿಕೊಂಡಿರತಕ್ಕದ್ದೆಂಬ ಇದೇ ಶಾಖೆಯ ಸುತ್ತೋಲೆ (ಇನ್ನೂ ಜಾರಿಯಲ್ಲಿದೆ). (2) ಅಜ್ಜಿಯೊಬ್ಬರು ಕಚೇರಿಯ ಕಿಟಕಿಯಾಚೆ ನಿಂತು ಸಲ್ಲಿಸಿದ ಮೌಖಿಕ ದೂರು.

ಹಾಜರಿ ಕೂಗಿದಾಗ 'ಬಂದಿದ್ದೀನಿ' ಎಂದವರು ಮಾತ್ರ ಬಂದಿರುತ್ತಾರೆಂಬುದು ನಿಯಮ. ಗುಬ್ಬಿ ಎಂದು ಕರೆಯಲ್ಪಡುವ ಬಾಲಕಿಯು ಶಾಲೆ ತೆರೆದಂದಿನಿಂದ ಮುಂದಿನ ಸಾಲಿನಲ್ಲೇ ಕುಳಿತಿದ್ದು, ತುಟಿ ಬಿಚ್ಚದ ಕಾರಣ ನಲವತ್ತಮೂರು ದಿನ ಗೈರೆಂದು ನಮೂದಾಗಿರುತ್ತದೆ. ನಲವತ್ತೈದಕ್ಕೆ ಹೆಸರು ತೆಗೆಯಲಾಗುವುದು. "ಎದುರಿಗೇ ಕೂತಿದ್ದಾಳಲ್ಲಪ್ಪ" ಎಂದು ಮೇಷ್ಟ್ರು ಆಕ್ಷೇಪಿಸಿದ್ದು, "ಕಣ್ಣಿಗೆ ಕಾಣೋದಕ್ಕೆ ಕಾಲಂ ಇಲ್ಲ ಸಾರ್" ಎಂದು ಗುಮಾಸ್ತರು ಸ್ಪಷ್ಟೀಕರಿಸಿರುತ್ತಾರೆ. ಆದ್ದರಿಂದ ಈ ಕೆಳಕಂಡಂತೆ ಕ್ರಮ ಜರುಗಿಸಲಾಯಿತು:

1. ಮಕ್ಕಳು ಧೈರ್ಯವಾಗಿ ಮಾತಾಡತಕ್ಕದ್ದು. ಇದಕ್ಕೆ ಮುಂಚಿತವಾಗಿ ಲಿಖಿತ ಅರ್ಜಿ ಸಲ್ಲಿಸತಕ್ಕದ್ದು. ಅಕ್ಷರ ಬಾರದವರು ಕಲಿತ ಮೇಲೆ ಸಲ್ಲಿಸಬಹುದು.

2. ದನಿಯು ಮೇಷ್ಟ್ರ ಮೇಜು ಮುಟ್ಟಬೇಕು, ಎರಡನೇ ತರಗತಿ ಮುಟ್ಟಬಾರದು. ನಡುವಿನ ಗೋಡೆ ಇನ್ನೂ ಕಟ್ಟಿಲ್ಲವಾದ್ದರಿಂದ, ಗೋಡೆ ಬರಬೇಕಾದ ಜಾಗದಲ್ಲಿ ದನಿಯೇ ನಿಲ್ಲತಕ್ಕದ್ದು.

3. "ಬಾಯಿ ಬಿಟ್ರೆ ಮುತ್ತು ಉದುರುತ್ತಾ" ಎಂದು ಕೇಳುವುದನ್ನು ನಿಷೇಧಿಸಿದೆ. ಬದಲಿಗೆ ಮೇಷ್ಟ್ರು ಗಡಿಯಾರ ನೋಡದೆ ಕಾಯತಕ್ಕದ್ದು. ಎಷ್ಟು ನಿಮಿಷ ಕಾದರೆಂದು ವರದಿ ಮಾಡತಕ್ಕದ್ದು.

4. "ಮನೇಲಿ ಇವಳ ಬಾಯಿಗೆ ಬೀಗ ಇಲ್ಲ. ಮೂರು ಹೊಲದಾಚೆ ಇರೋ ಮೇಕೆ ಇವಳ ಕೂಗಿಗೆ ಓಡಿ ಬರುತ್ತೆ" ಎಂಬ ಅಜ್ಜಿಯ ಹೇಳಿಕೆಯನ್ನು ಪರಿಶೀಲಿಸಲು ಗುಮಾಸ್ತರನ್ನು ಹುಲ್ಲಿನ ಬಣವೆಯ ಹಿಂದೆ ನಿಯೋಜಿಸಲಾಯಿತು. ಬಾಲಕಿಯು ಮೇಕೆಗೆ ಅಂದಿನ ಪಾಠವನ್ನೆಲ್ಲ ಒಪ್ಪಿಸಿ, "ಕೇಳಿಸ್ಕೊಂಡ್ಯಾ, ಇಲ್ಲಾ ಬರೀ ಮೇಯ್ತಿದ್ದೀಯಾ" ಎಂದು ಗದರಿದ್ದು ದೃಢಪಟ್ಟಿದೆ. ಆದರೆ ಮೇಕೆಯು ಸಿಬ್ಬಂದಿಯಲ್ಲವಾದ್ದರಿಂದ ಸದರಿ ಮಾತನ್ನು ಪರಿಗಣಿಸಲಾಗಿಲ್ಲ.

5. ಮರುದಿನ, ಅಂದರೆ ನಲವತ್ತನಾಲ್ಕನೆಯ ದಿನ, ಮೇಕೆಯನ್ನು ಉತ್ತೇಜನಾರ್ಥ ತರಗತಿಯ ಬಾಗಿಲಲ್ಲಿ ಕಟ್ಟಲು ಅನುಮತಿಸಲಾಯಿತು. ಹಾಜರಿ ಪುಸ್ತಕವನ್ನು ಅದರ ಬಾಯಿಗೆಟುಕದಂತೆ ಇಡಲಾಯಿತು.

6. ಗುಬ್ಬಿಯ ಹೆಸರು ಕೂಗಿದಾಗ ಮೇಕೆಯು ಓಗೊಟ್ಟಿತು. ದನಿಯು ಮೇಜು ಮುಟ್ಟಿದ್ದರಿಂದ ಗುಮಾಸ್ತರು ನಿಯಮಾನುಸಾರ 'ಹಾಜರು' ಎಂದು ಬರೆದರು. ಆಗ ಬಾಲಕಿಯು ಎದ್ದು ನಿಂತು, "ಅದಲ್ಲ ಗುಬ್ಬಿ. ಅದು ಮೇಕೆ, ಇವತ್ತೇ ಬಂದಿದ್ದು. ದಿನಾ ಬರ್ತಿರೋಳು ನಾನು" ಎಂದಳು. ದನಿಯು ಕಟ್ಟದಿರುವ ಗೋಡೆಯನ್ನು ದಾಟಿ ಎರಡನೇ ತರಗತಿಯನ್ನೂ ಮುಟ್ಟಿತು. ಗುಮಾಸ್ತರ ಲೇಖನಿ ಸ್ವಲ್ಪ ಹೊತ್ತು ನಿಂತಿತ್ತೆಂದು ಮೇಷ್ಟ್ರು ವರದಿ ಮಾಡಿದ್ದು, ಎಷ್ಟು ನಿಮಿಷವೆಂದು ನಮೂದಿಸಿಲ್ಲ.

7. 'ದಿನಾ' ಎಂಬ ಪದದಲ್ಲಿ ಹಿಂದಿನ ನಲವತ್ತಮೂರು ದಿನಗಳೂ ಅಡಕವಾಗಿವೆಯೆಂದು ಪರಿಗಣಿಸಿ, ಸದರಿ ಗೈರುಗಳನ್ನು ಹೊಡೆದುಹಾಕಲಾಗಿದೆ. ಇನ್ನು ಮುಂದೆ ಹಾಜರಿ ಕೂಗುವವರು ಒಮ್ಮೆ ತಲೆ ಎತ್ತಿ ನೋಡತಕ್ಕದ್ದು. ಇದಕ್ಕಾಗಿ ಹೊಸ ಕಾಲಂ ಎಳೆಯಲಾಗಿದೆ.

(ಸಹಿ ಇದೆ, ಓದಲಾಗುವುದಿಲ್ಲ)
ಅಧೀಕ್ಷಕರು, ಧ್ವನಿ ಮತ್ತು ಮೌನ ಶಾಖೆ

ಪ್ರತಿಗಳು:
ಮೇಷ್ಟ್ರಿಗೆ: ಕಾಯುವುದನ್ನು ಮುಂದುವರಿಸಲು.
ಗುಮಾಸ್ತರಿಗೆ: ಬಟ್ಟೆಗಂಟಿದ ಹುಲ್ಲನ್ನು ಬಣವೆಗೆ ಹಿಂದಿರುಗಿಸಲು.
ಅಜ್ಜಿಗೆ: ಕಿಟಕಿಯ ಮೂಲಕ ಓದಿ ಹೇಳಲು.
ಮೇಕೆಗೆ: ಒಂದು ದಿನ ಹಾಜರಾಗಿ ಮರುದಿನದಿಂದ ಸತತ ಗೈರಾಗಿರುವುದಕ್ಕೆ ಸಮಜಾಯಿಷಿ ಕೋರಿ.
ಗುಬ್ಬಿಗೆ: ಮಾಹಿತಿಗಾಗಿ. ಉತ್ತರ, ಮನಸ್ಸು ಬಂದಾಗ.