ಕಲ್ಲು ಕಾಸೋ ಹೀಟರು, ನನ್ನ ಹೊಟ್ಟಿಕಿಚ್ಚು

ಹೊಟ್ಟಿಕಿಚ್ಚು ಕೆಟ್ಟದ್ದು ಅಂತ ನನಗೂ ಗೊತ್ತದ. ಆದ್ರ ಬಿಡಲಿಕ್ಕಾಗಂಗಿಲ್ಲ, ಅದಕ್ಕ ಇಂಥಾವು ನನಗ ಆಗ್ತಾನ ಇರ್ತಾವ. ಎರಡು ಸಾವಿರದ ಇಸವಿ ಆಸುಪಾಸು, ಪುಣೆಯ ನಿಗಡಿ ಕಡೆ ನಮ್ಮ ಹೀಟರ್ ಕಾರಖಾನಿಗೆ ಒಂದು ಪರದೇಶದ ಕಂಪನಿಯವರು ಬಂದ್ರು. ಅವರಲ್ಲಿ ನೆಲದಾಳದ ಕಲ್ಲಿನ್ಯಾಗ ಎಣ್ಣಿ ಅದಂತ. ಬಾವಿಯೊಳಗ ಉದ್ದನ್ನ ಹೀಟರ್ ಇಳಿಸಿ ವರ್ಷಗಟ್ಟಲೆ ಕಾಸಿದ್ರ ಕಲ್ಲು ಎಣ್ಣಿ ಬಿಡತದಂತ. ಅಷ್ಟು ಬಾಳಿಕಿ ಬರೋ ಹೀಟರ್ ಬೇಕಾಗಿತ್ತು. ಒಂದು ನಾ ಮಾಡಬೇಕು, ಇನ್ನೊಂದು ನಮ್ಮ ಉಡುಪಿಯ ಗೆಳೆಯ. ಯಾರದು ಗೆಲ್ಲತದೋ ಅಂವ ಅದರ ಜೋಡಿ ವಿಮಾನ ಹತ್ತೋದು. ಕಲಬುರ್ಗಿಯಿಂದ ಪುಣೆಗೆ ಬಂದದ್ದೇ ಅಲ್ಲೀತನಕ ನನ್ನ ದೊಡ್ಡ ಪ್ರವಾಸ.

೧. ಊಟ

ಪರದೇಶದ ಸಾಹೇಬ ನೋಡಲಿಕ್ಕೆ ಬಂದ ದಿನ ಗೆಳೆಯ ತನ್ನ ಅಣ್ಣನ ಹೋಟೆಲಿನಿಂದ ನೀರುದೋಸೆ ತರಿಸಿದ. ನಾ ಬಿಡತೀನಾ? ಮನಿಯಿಂದ ಖಡಕ್ ರೊಟ್ಟಿ ತಂದಿಟ್ಟೆ. ಸಾಹೇಬ ಆರು ದೋಸೆ ತಿಂದ. ಆಮ್ಯಾಲ ನನ್ನ ರೊಟ್ಟಿ ಎತ್ತಿ, ಬೆರಳಿನಿಂದ ಟಕಟಕ ಬಡದು ನೋಡಿ, ಭಾಳ ಆಸ್ಥೆಯಿಂದ ಕೇಳಿದ: ಈ ತಗಡು ಎಷ್ಟು ಡಿಗ್ರಿ ತನಕ ತಡೀತದ?

೨. ಚಾ

ಎರಡೂ ಹೀಟರು ಉಸುಕಿನ ಕುಣ್ಯಾಗ ಹಗಲೂ ರಾತ್ರಿ ಕಾಯ್ತಿದ್ವು. ನಾ ದಿನಾ ಬಂದಕೂಡಲೇ ಮೊದಲ ನೋಡೋದು ಅವನ ಮೀಟರು. ಒಂದಿನ ಮುಳ್ಳು ಸೊನ್ನಿಗೆ ಬಿದ್ದಿತ್ತು. ಸುಟ್ಟಿತಪ್ಪ ಅಂತ ಖುಷಿಗೆ ಎಲ್ಲಾರಿಗೂ ಚಾ ಹೇಳಿಬಿಟ್ಟೆ. ನೋಡಿದ್ರ ಮೀಟರಿನ ವೈರಷ್ಟೇ ಕಳಚಿತ್ತು, ಹೀಟರು ಗಟ್ಟಿಯಾಗೇ ಇತ್ತು.

"ಏನು ವಿಶೇಷ ಮಾರಾಯ್ರೆ?" ಅಂತ ಅವನೇ ಚಾ ಕುಡಕೋತ ಕೇಳಿದ.

ಬಾಯಿಗೆ ಬಂದದ್ದು ಹೇಳಿದೆ, ಇವತ್ತ ನಮ್ಮ ಮದಿವಿ ಆದ ದಿನ ಅಂತ. ಸಂಜಿಗೆ ಹೆಂಡತೀನ್ನ ಕರಕೊಂಡು ಪೇಡೆ ಹಿಡಕೊಂಡು ಮನಿಗೇ ಬಂದ, ಪುಣ್ಯಾತ್ಮ. ಅವರು ಹೋಗೋತನಕ ನನ್ನಾಕಿ ನಕ್ಕೋತ ಇದ್ಲು. ಬಾಗಲಾ ಹಾಕಿ ಕೇಳಿದ್ಲು: "ನಮ್ಮ ಮದಿವಿ ಆದದ್ದು ಉರಿ ಬ್ಯಾಸಗ್ಯಾಗ. ಈ ಶ್ರಾವಣದಾಗ ಯಾರ ಕೊಳ್ಳಿಗೆ ತಾಳಿ ಕಟ್ಟೀರಿ?"

೩. ಕಾಯಿ

ಖಂಡೇನವಮಿ ಬಂತು. ಎಲ್ಲಾ ಮಶೀನು ಬಂದ್ ಮಾಡಿ ಪೂಜಾ ಮಾಡಿದ್ರು. ನಮ್ಮ ಹೀಟರು ಮಾತ್ರ ಪರೀಕ್ಷಾದಾಗ ಇದ್ವು, ಬಂದ್ ಮಾಡಂಗಿಲ್ಲ. ಕಾಯಿ ಒಡದವನು ನಾನೇ. ಅವನ ಹೀಟರಿಗೆ ದೂರಿಂದ ಎರಡು ಹನಿ ಚಿಮಕಿಸಿದೆ. ದೇವರ ಆಶೀರ್ವಾದ ಎಲ್ಲಾ ನನಗೇ ಇರಲಿ ಅಂತ ಉಳಿದ ನೀರಷ್ಟೂ ನನ್ನ ಹೀಟರಿನ ಮುಚ್ಚಳದ ಮ್ಯಾಲ ಸುರುವಿದೆ. ಟಪ್ ಅಂತು. ನಾಕು ತಿಂಗಳ ಬೆಂಕಿಗೆ ಜಗ್ಗದ ಹೀಟರು, ಕಾಯಿ ನೀರಿಗೆ ಸತ್ತೇಹೋತು.

ಅವನ ಹೀಟರಿಗೂ ಅಂಥಾದ್ದೇ ಮುಚ್ಚಳ. ನನ್ನದರ ಗತಿ ನೋಡಿ, ಅಂವ ಒಂದು ಹನಿನೂ ಒಳಗ ಹೋಗದಂಗ ಅದನ್ನ ಬೆಸುಗಿ ಹಾಕಿಕೊಂಡು ವಿಮಾನ ಹತ್ತಿದ. ಅಲ್ಲಿ ಬಾವ್ಯಾಗ ನೀರು ಜಿನುಗಿ ಬ್ಯಾರೆ ಕಂಪನಿಗಳ ಹೀಟರೆಲ್ಲಾ ಸತ್ತು, ಇವನದೊಂದೇ ಉಳೀತು. ಅಲ್ಲಿಂದ ಅವನ ಫೋನ್ ಬಂದಾಗ ನಮ್ಮ ಕಾರಖಾನಿ ಸಾಹೇಬ್ರು ಎಲ್ಲಾರ ಮುಂದ ಸ್ಪೀಕರ್ ಹಚ್ಚಿದ್ರು.

"ನನ್ನದೇನಿಲ್ಲ ಮಾರಾಯ್ರೆ, ಎಲ್ಲ ಅವರು ಸುರಿದ ಕಾಯಿ ನೀರಿನ ಪುಣ್ಯ" ಅಂದ.

ಎಲ್ಲಾರೂ ಚಪ್ಪಾಳಿ ಹೊಡದ್ರು. ಹೊಟ್ಟಿ ಉರಕೋತ ನಾನೂ ಹೊಡದೆ. ಸಾಹೇಬ್ರು ಅವತ್ತೇ ಹುಕುಂ ಮಾಡಿದ್ರು: ಇನ್ನ ಮುಂದ ಕಾರಖಾನಿ ಬಿಡೋ ಪ್ರತಿ ಹೀಟರಿನ ಮ್ಯಾಲೂ ನಾ ಕಾಯಿ ನೀರು ಸುರುವಿ ಪರೀಕ್ಷಾ ಮಾಡಬೇಕು.

ಮಾಡ್ತೀನ್ರಿ. ಸತ್ರ ಅದನ್ನ ರಿಪೇರಿ ಮಾಡಾಂವ ನಾನು, ಬದುಕಿದ್ರ ವಿಮಾನ ಹತ್ತಾಂವ ಅಂವ.