ಅಲುಗದ ಸ್ವರವನ್ನೂ ಅಳಿಸುವ ಆಫ್‌ಸೆಟ್ ತಿದ್ದುಪಡಿಯವರಿಗೆ

ನನ್ನ ರೇಡಿಯೋ ರಿಸೀವರಿನ ಆಫ್‌ಸೆಟ್ ತಿದ್ದುಪಡಿ ಸರ್ಕಿಟ್ ಎಂಬ ಘನ ಪದವಿಯಲ್ಲಿರುವ ಮಾನ್ಯರೇ,

ಅಕ್ಕಿಕಾಳಿನಷ್ಟು ಜಾಗದಲ್ಲಿ ಕುಳಿತು, ರಜೆ ಕೇಳದೆ, ಊಟದ ಬಿಡುವೂ ಇಲ್ಲದೆ ಪರರ ತಪ್ಪುಗಳನ್ನು ಅಳಿಸುತ್ತಿರುವ ತಮಗೆ ಪಲ್ಲಾವರಂನ ಬಾಡಿಗೆ ಮನೆಯಿಂದ ಸವಿನಯ ವಂದನೆಗಳು.

ಮೊದಲು ತಮ್ಮ ಸೇವೆಯನ್ನು ಹೊಗಳದಿದ್ದರೆ ಅನ್ಯಾಯವಾದೀತು. ರಿಸೀವರಿನೊಳಗಿನ ಆಸಿಲೇಟರ್ ಮಹಾರಾಯರು ಹೊರಗಿನಿಂದ ಬಂದ ಅಲೆಗೆ ತಮ್ಮ ಅಲೆಯನ್ನು ಬೆರೆಸಿ, ನಮ್ಮ ಕಿವಿಗೆ ಕೇಳುವಂತೆ ಇಳಿಸಿಕೊಡಬೇಕಾದವರು. ಅವರೋ ತಮ್ಮದೇ ದನಿಯನ್ನು ಆಂಟೆನಾದತ್ತ ಸೋರಬಿಟ್ಟು, ಅದು ತಿರುಗಿ ಬಂದಾಗ ನಾಡೆಲ್ಲ ತಮ್ಮನ್ನೇ ಕರೆಯುತ್ತಿದೆಯೆಂದು ನಂಬಿ, ಅಲೆಗಳನ್ನು ಗೆರೆಗಳಾಗಿ ತೋರುವ ಪರದೆಯ ನಟ್ಟನಡುವೆ ಒಂದು ಗೆರೆಯಾಗಿ ನಿಂತುಬಿಡುತ್ತಾರೆ. ಆ ಆತ್ಮಪ್ರಶಂಸೆಯನ್ನು ಅಳೆದು ಕಳೆಯುವವರು ತಾವು. ಇಂಥ ಹುದ್ದೆ ಪ್ರತಿ ಸಭೆಯ ವೇದಿಕೆಯಲ್ಲೂ ಇರಬೇಕೆಂದು ನಾನೇ ಕರಪತ್ರ ಬರೆದು ಹಂಚಿದ್ದೇನೆ.

ಆದರೆ ಚಂಡಮಾರುತದ ದಿನ ತಾವು ಮಾಡಿದ್ದೇನು? ಗೆಳತಿ ಭಾವನಾ ಪರವಾನಗಿ ಪಡೆದ ಹ್ಯಾಮ್ ರೇಡಿಯೋ ಸ್ವಯಂಸೇವಕಿ. ಕಡಲಂಚಿನ ಪಳವೇರ್ಕಾಡಿನ ಪರಿಹಾರ ಶಿಬಿರಕ್ಕೆ ಹೊರಟವಳು, ಫೋನು ಸತ್ತರೆ ಮಧ್ಯಾಹ್ನ ಟ್ರಾನ್ಸ್‌ಮಿಟರಿನ ಕೀಲಿ ಒತ್ತಿ ಹಿಡಿಯುವುದಾಗಿಯೂ, ಎಡೆಬಿಡದ ಒಂದೇ ಸ್ವರ ಬಂದರೆ ತಾನು ಕ್ಷೇಮವೆಂದು ತಿಳಿಯಬೇಕೆಂದೂ ಹೇಳಿದ್ದಳು. ಫೋನು ಸತ್ತಿತು. ಅವಳ ತಾಯಿ ಗೋದಾಬಾಯಿ ಮಾಧವರಂನಿಂದ ಮಳೆಯಲ್ಲಿ ನೆನೆದು ಬಂದು ನನ್ನ ಪಕ್ಕ ಕುಳಿತರು. ಒಪ್ಪಿದ ಮಾತಿನಿಂದ ಕೂದಲೆಳೆಯಷ್ಟೂ ಸರಿಯಬಾರದೆಂಬುದು ನಾನು ಓದಿದ ಕಿರುಪುಸ್ತಕಗಳ ಸಾರವಾದ್ದರಿಂದ, ಒಪ್ಪಿದ ಫ್ರೀಕ್ವೆನ್ಸಿಗೇ ಕರಾರುವಾಕ್ಕಾಗಿ ಟ್ಯೂನ್ ಮಾಡಿದ್ದೆ. ಪರದೆಯ ನಡುವೆ, ಮಹಾರಾಯರು ನಿಲ್ಲುವ ಜಾಗದಲ್ಲೇ, ಗೆರೆಯೊಂದು ಮೂಡಿತು. ಕಾರಣ ಕೇಳುವ ನೋಟಿಸನ್ನೂ ಕೊಡದೆ ತಾವು ಅದನ್ನು ಅಳಿಸಿದಿರಿ.

ನಡುವೆ ನಿಂತು ಅಲುಗದಿರುವುದೆಲ್ಲ ತಮ್ಮ ಕಣ್ಣಿಗೆ ದೋಷ. ಯಂತ್ರ ಅದನ್ನು ತಪ್ಪೆಂದು ತೆಗೆದುಹಾಕಿತೆಂದು ನಾನು ವಿವರಿಸಿದಾಗ ಗೋದಾಬಾಯಿ, "ತಪ್ಪಾದ್ರೂ ಪರವಾಗಿಲ್ಲಮ್ಮಾ, ಆ ತಪ್ಪನ್ನೇ ಕೊಂಚ ಕೇಳಿಸು" ಎಂದರು.

ತಮ್ಮನ್ನು ಆಫ್ ಮಾಡಿದೆ. ಮಹಾರಾಯರ ಗೆರೆ ತಕ್ಷಣ ಅಲ್ಲೇ ಎದ್ದು ನಿಂತಿತು. ಅದರೊಳಗೆ ಭಾವನಾ ಇದ್ದಾಳೋ ಇಲ್ಲವೋ ಹೇಳುವವರಿಲ್ಲ. ಕೊನೆಗೆ ಸಿದ್ಧಾಂತವನ್ನು ನುಂಗಿಕೊಂಡು ಫ್ರೀಕ್ವೆನ್ಸಿಯನ್ನು ಒಂದಿಷ್ಟು ಪಕ್ಕಕ್ಕೆ ಸರಿಸಿದೆ. ಮಹಾರಾಯರು ನಡುವೆಯೇ ಉಳಿದರು. ಇನ್ನೊಂದು ಗೆರೆ ಅವರಿಂದ ಬಿಡಿಸಿಕೊಂಡು ಪಕ್ಕಕ್ಕೆ ಬಂದು ಸ್ಪೀಕರಿನಲ್ಲಿ ಸಿಳ್ಳೆ ಹಾಕಿತು, ನಿಲ್ಲದ ಸಿಳ್ಳೆ. ಸೆರಗನ್ನು ಬಾಯಿಗೊತ್ತಿಕೊಂಡು ಕೇಳುತ್ತಿದ್ದ ಆ ತಾಯಿ ಸ್ಪೀಕರಿನತ್ತ ಬಾಗಿ ಹೇಳಿದರು: "ಕೇಳಿಸ್ತು, ಪೋದುಂ, ಸಾಕು, ಬಿಡು ಅಂತ ಹೇಳಮ್ಮಾ ಅವಳಿಗೆ. ಕೈ ನೋಯುತ್ತೆ."

ನನ್ನ ಬಳಿ ಇರುವುದು ಕೇಳುವ ಯಂತ್ರ, ಹೇಳುವ ಯಂತ್ರವಲ್ಲ. ಆದ್ದರಿಂದ ತಮ್ಮಲ್ಲಿ ನಮ್ರ ಬೇಡಿಕೆ: ಸದ್ದುಗಳನ್ನು ಇಷ್ಟು ಸಲೀಸಾಗಿ ಹೊರದಬ್ಬಬಲ್ಲ ತಾವು ಮುಂದಿನ ಬಿರುಗಾಳಿಯಲ್ಲಿ ಇಂಥ ಮಾತೊಂದನ್ನು ಆಂಟೆನಾದಿಂದ ಹೊರದಬ್ಬಿ ಮಗಳಿಗೆ ಮುಟ್ಟಿಸಬೇಕು, ಸಾಧ್ಯವಾಗದಿದ್ದರೆ, ಯಾರನ್ನಾದರೂ ದೋಷವೆಂದು ಅಳಿಸುವ ಮುನ್ನ ಅವರ ತಾಯಿಯನ್ನೊಮ್ಮೆ ವಿಚಾರಿಸಬೇಕು.

ಅಚಲ ನಿಷ್ಠೆಯಿಂದ ಒಂದಿಷ್ಟೇ ಪಕ್ಕಕ್ಕೆ ಸರಿದಿರುವ
ತಮ್ಮ ವಿಶ್ವಾಸಿ,
ತನುಶ್ರೀ

ವಿ.ಸೂ.: ಭಾವನಾ ಕ್ಷೇಮವಾಗಿ ಮರಳಿದ್ದಾಳೆ. ಅಂದು ಕೀಲಿಯ ಮೇಲೆ ಉಪ್ಪಿನ ಪೊಟ್ಟಣ ಹೇರಿಟ್ಟು ಶಿಬಿರದವರಿಗೆ ಅನ್ನ ಬಡಿಸಲು ಹೋಗಿದ್ದಳಂತೆ. ಇದನ್ನು ಗೋದಾಬಾಯಿಯವರಿಗೆ ತಿಳಿಸಬೇಡಿ. ಬಂದ ಸುದ್ದಿಯನ್ನು ಯಾರಿಗೂ ಮುಟ್ಟಿಸದ ತಮ್ಮ ಶಿಸ್ತನ್ನು ನಂಬಿಯೇ ಬರೆದಿದ್ದೇನೆ.