ಬಸ್ಸಿನ ಬೆನ್ನು ಹಿಡಿದವರು

ರಸ್ತೆ ಬದಿಯ ಬೋರ್ಡಿಗೂ ನಮ್ಮ ಊರಿನವರಿಗೂ ಎಣ್ಣೆ ಸೀಗೆಕಾಯಿ ಸಂಬಂಧ. ವಾರಕ್ಕೊಂದಾದರೂ ರಗಳೆ ಆಗದಿದ್ದರೆ ಆ ವಾರ ನನಗೆ ಮುಗಿದ ಹಾಗೇ ಅನ್ನಿಸುವುದಿಲ್ಲ. ನಾನು ಮೂಡಿಗೆರೆಯಲ್ಲಿ ಡ್ರೈವಿಂಗ್ ಸ್ಕೂಲ್ ನಡೆಸುವವಳು. ಒಂದೇ ಕಾರು, ಒಬ್ಬಳೇ ಮೇಡಂ. ಎಸ್ಟೇಟ್ ಸಾಹುಕಾರರ ಸೊಸೆಯಂದಿರಿಗೂ ನಾನೇ ಕಲಿಸಿದ್ದು, ಅವರ ತೋಟದ ಮೇಸ್ತ್ರಿಗಳಿಗೂ ನಾನೇ ಕಲಿಸಿದ್ದು. ಇವತ್ತು ಸಂತೆ ದಿನ ಪೇಟೆಯಲ್ಲಿ ಅಡ್ಡಾದಿಡ್ಡಿ ನಿಂತಿರುವ ಕಾರುಗಳಲ್ಲಿ ಅರ್ಧದಷ್ಟು ನನ್ನ ಶಿಷ್ಯರದ್ದೇ.

ಸ್ಕೂಲಿಗೆ ಇಪ್ಪತ್ತು ವರ್ಷ ತುಂಬಿದಾಗ ಬೋರ್ಡಿಗೆ ಹೊಸ ಬಣ್ಣ ಹೊಡೆಸಿ, ಹೆಸರಿನ ಕೆಳಗೆ ದಪ್ಪ ಅಕ್ಷರದಲ್ಲಿ ಒಂದು ಸಾಲು ಬರೆಸಿದೆ: ‘ಇಪ್ಪತ್ತು ವರ್ಷ. ಮೇಡಂಗೆ ಒಂದೂ ದಂಡ ಬಿದ್ದಿಲ್ಲ.’

ನಮ್ಮ ಯಜಮಾನರು ನೋಡಿ ತಲೆ ಚಚ್ಚಿಕೊಂಡರು. “ಹೀಗೆಲ್ಲ ಬರೆಸ್ಬೇಡ ಮಾರಾಯ್ತಿ, ದೃಷ್ಟಿ ಆಗುತ್ತೆ.”

“ದೃಷ್ಟಿ ಆದ್ರೆ ಕಾರಿಗೆ ಆಗುತ್ತೆ. ಅದಕ್ಕೆ ನಿಂಬೆಹಣ್ಣು ಕಟ್ಟಿದ್ದೀನಲ್ಲ” ಎಂದೆ. ಆ ಸಾಲು ನನಗೆ ಬರೀ ಜಾಹೀರಾತಲ್ಲ. ಹೆಂಗಸು ಡ್ರೈವಿಂಗ್ ಕಲಿಸ್ತಾಳಂತೆ ಎಂದು ನಕ್ಕವರ ಮುಖಕ್ಕೆ ದಿನಾ ಬೆಳಿಗ್ಗೆ ಹಿಡಿಯುತ್ತಿದ್ದ ಕನ್ನಡಿ.

ಬಳ್ಳಿ

ನಮ್ಮ ಕಡೆ ನೆಟ್ಟಗೆ ನಿಂತದ್ದು ಏನು ಕಂಡರೂ ಅದರ ಬುಡಕ್ಕೆ ಮೆಣಸಿನ ಬಳ್ಳಿ ನೆಡುವುದು ರೂಢಿ. ಮರವಾದರೂ ಸರಿ, ಲೈಟು ಕಂಬವಾದರೂ ಸರಿ. ಮಲ್ಲಂದೂರು ಕಡೆಯ ಒಂದು ತಿರುವಿನಲ್ಲಿ ರಸ್ತೆಯ ಬೋರ್ಡಿಗೂ ಯಾರೋ ಪುಣ್ಯಾತ್ಮರು ನೆಟ್ಟಿದ್ದರು. ಎರಡು ಮಳೆಗಾಲ ಕಳೆಯುವಷ್ಟರಲ್ಲಿ ಬೋರ್ಡು ಪೂರ್ತಿ ಬಳ್ಳಿಯೊಳಗೆ ಹೋಗಿತ್ತು.

ನನ್ನ ಶಿಷ್ಯರೊಬ್ಬರು, ಐದು ಎಕರೆ ತೋಟದವರು, ಲೈಸೆನ್ಸಿನ ಪರೀಕ್ಷೆಗೆ ಕೂತಿದ್ದರು. ಪಕ್ಕದಲ್ಲಿ ಅಧಿಕಾರಿ, ಹಿಂದೆ ನಾನು. ಆ ತಿರುವಿನ ಹತ್ತಿರ ಅಧಿಕಾರಿ ಬೆರಳು ತೋರಿಸಿ ಕೇಳಿದರು, “ಅಲ್ಲಿ ಇರೋದು ಎಂತ?”

ಶಿಷ್ಯರು ಬ್ರೇಕ್ ಹಾಕಿ, ಕಿಟಕಿಯಿಂದ ಕತ್ತು ಹೊರಗೆ ಹಾಕಿ ನಿಧಾನವಾಗಿ ನೋಡಿದರು.

“ಪನ್ನಿಯೂರು ಮೆಣಸು, ಸಾರ್. ಈ ವರ್ಷ ಚೆನ್ನಾಗಿ ಕಚ್ಚಿದೆ. ಬುಡದಲ್ಲಿ ನೀರು ನಿಲ್ತಾ ಉಂಟು, ಸ್ವಲ್ಪ ಸುಣ್ಣ ಹಾಕಿದ್ರೆ ಒಳ್ಳೇದು.”

ಅಧಿಕಾರಿ ಕಾಗದದ ಮೇಲೆ ಏನೋ ಬರೆದು ನನ್ನ ಕಡೆ ತಿರುಗಿದರು. “ಮೇಡಂ, ಕೃಷಿಯಲ್ಲಿ ಇವರು ಫಸ್ಟ್ ಕ್ಲಾಸ್. ಡ್ರೈವಿಂಗಿಗೆ ಮುಂದಿನ ತಿಂಗಳು ಕರ್ಕೊಂಡು ಬನ್ನಿ.”

ಕಳಸ ಅಲ್ಲ

ಇನ್ನೊಂದು ಬೋರ್ಡಿಗೆ ಬಾಣದ ಗುರುತಿತ್ತು, ‘ಕಳಸ’ ಎಂದು. ಒಂದು ದಿನ ಆನೆ ಬಂದು ಆ ಕಂಬಕ್ಕೆ ಬೆನ್ನು ಉಜ್ಜಿಕೊಂಡು ಹೋಯಿತು. ಕಂಬ ಬೀಳಲಿಲ್ಲ, ಸ್ವಲ್ಪ ತಿರುಗಿತು. ಅಂದಿನಿಂದ ಬಾಣ ಪಕ್ಕದ ಎಸ್ಟೇಟಿನ ಗೇಟು ತೋರಿಸತೊಡಗಿತು.

ಊರಿನವರು ಯಾರೂ ಬೋರ್ಡು ನೋಡುವುದಿಲ್ಲವಾದ್ದರಿಂದ ಯಾರಿಗೂ ಗೊತ್ತಾಗಲಿಲ್ಲ. ನನ್ನ ಶಿಷ್ಯೆ ಒಬ್ಬಳಿಗೆ ಮಾತ್ರ ನಾನೇ ಹೇಳಿಬಿಟ್ಟಿದ್ದೆ, “ಇವತ್ತು ನಾನು ಬಾಯಿ ಬಿಡಲ್ಲ, ಬೋರ್ಡು ಓದಿಕೊಂಡು ಹೋಗು” ಎಂದು. ಅವಳು ಓದಿದಳು, ತಿರುಗಿಸಿದಳು, ಸೀದಾ ಹೋಗಿ ಎಸ್ಟೇಟಿನ ಕಣದಲ್ಲಿ ಒಣಗಲು ಹರಡಿದ್ದ ಕಾಫಿಯ ಮೇಲೆ ಕಾರು ನಿಲ್ಲಿಸಿದಳು.

ಎಸ್ಟೇಟಿನ ರೈಟರು, ಅಂದರೆ ಹಾಜರಿ ಪುಸ್ತಕ ನೋಡಿಕೊಳ್ಳುವವರು, ಛತ್ರಿ ಎತ್ತಿಕೊಂಡು ಓಡಿ ಬಂದರು. “ಇವತ್ತಿಗೆ ಇದು ಏಳನೇ ಕಾರು! ದಂಡ ಕಟ್ಟಿ ಹೋಗಿ!”

ದಂಡ ಎಂದ ಕೂಡಲೇ ಕಾರಿನಿಂದ ಇಳಿದು ಕೈ ಮುಗಿದೆ. “ದಂಡ ಮಾತ್ರ ಬೇಡ ರೈಟರೇ, ನಮ್ಮ ಬೋರ್ಡು ಸುಳ್ಳಾಗುತ್ತೆ. ಬೇರೆ ಏನಾದ್ರೂ ಹೇಳಿ, ಮಾಡ್ತೀವಿ” ಎಂದೆ. ಅವರು ಉದ್ದ ಹಿಡಿಯ ಹಲುಬೆ ತಂದು ಕೈಗೆ ಕೊಟ್ಟರು. ನಾನೂ ಶಿಷ್ಯೆಯೂ ಒಂದು ಗಂಟೆ ಬಿಸಿಲಲ್ಲಿ ಕಾಫಿ ಎಳೆದು ಹರಡಿದೆವು. ಅದು ದಂಡವಲ್ಲ, ದುಡಿಮೆ. ಈ ವಿಷಯದಲ್ಲಿ ನನಗೆ ಆಗಲೂ ಅನುಮಾನವಿರಲಿಲ್ಲ, ಈಗಲೂ ಇಲ್ಲ.

ರೈಟರು ಮರುದಿನ ಗೇಟಿಗೆ ತಗಡು ನೇತುಹಾಕಿದರು: ‘ಇದು ಕಳಸ ಅಲ್ಲ.’ ಪ್ರವಾಸಿಗಳು ಬರುವುದು ನಿಲ್ಲಲಿಲ್ಲ. ತಗಡಿನ ಮುಂದೆ ಫೋಟೋ ತೆಗೆಸಿಕೊಳ್ಳಲು ಇನ್ನೂ ಹೆಚ್ಚು ಜನ ಬಂದರು. ಈಗ ಮೊಬೈಲಿನ ನಕ್ಷೆಯಲ್ಲಿ ಆ ಕಣಕ್ಕೆ ‘ಕಳಸ ಅಲ್ಲ’ ಎಂದೇ ಹೆಸರು, ನೋಡಲೇಬೇಕಾದ ಜಾಗಗಳ ಪಟ್ಟಿಯಲ್ಲಿ.

ಮಂಜಿನ ಪಾಠ

ಇಷ್ಟೆಲ್ಲ ಆದ ಮೇಲೆ ಬೋರ್ಡು ನಂಬಿ ಎಂದು ಯಾವ ಬಾಯಲ್ಲಿ ಹೇಳಲಿ? ನನ್ನ ನಿಜವಾದ ಪಾಠ ಒಂದೇ. ಘಾಟಿಯಲ್ಲಿ ಮಂಜು ಇಳಿದು ಬಾನೆಟ್ಟೂ ಕಾಣದಿದ್ದಾಗ ನಾವೆಲ್ಲ ಮಾಡುವುದು ಅದನ್ನೇ: ಮುಂದೆ ಹೋಗುವ ಬಸ್ಸಿನ ಕೆಂಪು ದೀಪ ಹಿಡಿದು ಹೋಗುವುದು. “ದಾರಿ ತಿಳಿಯದಿದ್ರೆ ಬಸ್ಸಿನ ಹಿಂದೆ ಹೋಗಿ. ಬಸ್ಸಿಗೆ ಎಲ್ಲ ಗೊತ್ತಿರುತ್ತೆ.” ಇದನ್ನು ನಾನು ಶಿಷ್ಯರಿಗೆ ಮಗ್ಗಿಯ ಹಾಗೆ ಬಾಯಿಪಾಠ ಮಾಡಿಸುತ್ತೇನೆ.

ಒಮ್ಮೆ ಒಬ್ಬ ಮೇಸ್ತ್ರಿ ಲೈಸೆನ್ಸ್ ಸಿಕ್ಕ ಖುಷಿಗೆ ಒಬ್ಬನೇ ಕಾರು ತೆಗೆದುಕೊಂಡು ಬಣಕಲ್ಲಿಗೆ ಹೊರಟ. ಅರ್ಧ ಗಂಟೆಯ ದಾರಿಗೆ ಮೂರು ಗಂಟೆ ಆಯಿತು. ಎಲ್ಲಿ ಹೋಗಿದ್ದೆ ಮಾರಾಯ ಎಂದು ಕೇಳಿದೆ.

“ಮಂಜಿತ್ತು ಮೇಡಂ, ನೀವು ಹೇಳಿದ ಹಾಗೆ ಬಸ್ಸಿನ ಹಿಂದೆ ಹೋದೆ. ಅದು ಹಳ್ಳಕ್ಕೆ ಇಳೀತು, ನಾನೂ ಇಳಿದೆ. ಅವರು ಬಸ್ಸು ತೊಳೆಯೋಕೆ ಶುರು ಮಾಡಿದ್ರು.”

“ಮತ್ತೆ?”

“ಸುಮ್ನೆ ಎಂತಕ್ಕೆ ನಿಲ್ಲೋದು? ನಾನೂ ಕಾರು ತೊಳ್ದೆ.”

ಬೆಂಗಳೂರು

ಆಗಲೇ ನಾನು ಎಚ್ಚೆತ್ತುಕೊಳ್ಳಬೇಕಿತ್ತು. ಎಚ್ಚೆತ್ತುಕೊಳ್ಳಲಿಲ್ಲ.

ನನ್ನ ಹಳೆಯ ಶಿಷ್ಯೆಯ ಮದುವೆ ಬೆಂಗಳೂರಿನಲ್ಲಿತ್ತು. ಊರಿನಿಂದ ಐದು ಕಾರು ಹೊರಟವು. ಮುಂದಿನದು ನನ್ನದು. ಹಿಂದಿನ ನಾಲ್ಕನ್ನು ಓಡಿಸುತ್ತಿದ್ದವರೆಲ್ಲ ನನ್ನ ಶಿಷ್ಯರೇ. ಕೊನೆಯ ಕಾರು ಓಡಿಸುತ್ತಿದ್ದವನು ನನ್ನ ಬೋರ್ಡು ಬರೆದ ಪೇಂಟರ್. “ಮೇಡಂ ಮುಂದಿದ್ರೆ ನಮಗೆ ಎಂತ ಹೆದ್ರಿಕೆ” ಎಂದು ಎಲ್ಲರೂ ಹೇಳಿದ್ದರು. ನನಗೂ ಹಾಗೇ ಅನ್ನಿಸಿತ್ತು.

ಬೆಂಗಳೂರಿನ ಆ ದೊಡ್ಡ ರಸ್ತೆ ಹೊಕ್ಕಾಗ ತಲೆಯ ಮೇಲೆ ಬೋರ್ಡುಗಳ ಸಂತೆಯೇ ಇತ್ತು. ಎಡಕ್ಕೊಂದು ಬಾಣ, ಬಲಕ್ಕೆರಡು, ಮೇಲಕ್ಕೊಂದು. ಮೇಲಕ್ಕೆ ಹೋಗುವುದು ಹೇಗೆ? ಹಿಂದಿನವರು ಹಾರ್ನ್ ಹೊಡೆಯುತ್ತಿದ್ದರು. ಅಷ್ಟರಲ್ಲಿ ಎಡಗಡೆ ಒಂದು ಬಸ್ಸು ನಿಶ್ಚಿಂತೆಯಿಂದ ಸಾಗುತ್ತಿರುವುದು ಕಂಡಿತು. ಅದರ ಹಿಂದೆ ರಸ್ತೆ ಖಾಲಿ! ಇಷ್ಟು ಒಳ್ಳೆಯ ಜಾಗ ಬಿಟ್ಟು ಬೆಂಗಳೂರಿನವರು ಆ ಕಡೆ ಒಬ್ಬರ ಮೇಲೊಬ್ಬರು ಬೀಳುತ್ತಿದ್ದಾರಲ್ಲ ಎಂದು ಮರುಕವಾಯಿತು. ಬಸ್ಸಿನ ಬೆನ್ನು ಹಿಡಿದೆ. ನನ್ನ ಬೆನ್ನು ಹಿಡಿದು ನಾಲ್ಕು ಕಾರು ಬಂದವು.

‘ಬಸ್ಸುಗಳಿಗೆ ಮಾತ್ರ’ ಎಂಬ ಬೋರ್ಡು ಇತ್ತಂತೆ. ಇದ್ದಿರಬಹುದು. ನಾನು ಬಸ್ಸನ್ನೇ ನೋಡುತ್ತಿದ್ದೆ.

ಒಂದು ಕಿಲೋಮೀಟರಿನಾಚೆ ಟ್ರಾಫಿಕ್ ಪೊಲೀಸರು ಕೈ ಅಡ್ಡ ಹಿಡಿದರು. “ಬಸ್ ಲೇನಲ್ಲಿ ಯಾಕಮ್ಮ ಬಂದ್ರಿ?”

“ಬಸ್ಸು ಹೋಯ್ತು ಸಾರ್, ಹೋದೆ.”

ಅವರು ಎರಡನೇ ಕಾರಿನ ಕಿಟಕಿ ತಟ್ಟಿದರು. “ನೀವ್ಯಾಕ್ರೀ?” “ಮೇಡಂ ಹೋದ್ರು, ಹೋದೆ.” ಮೂರನೆಯವರೂ ಮೇಡಂ ಹೋದ್ರು ಎಂದರು, ನಾಲ್ಕನೆಯವರೂ ಹಾಗೇ ಎಂದರು. ಪೇಂಟರ್ ಕೇಳುವ ಮೊದಲೇ ನನ್ನತ್ತ ಕೈ ತೋರಿಸಿದ. ಅವನ ಹಿಂದೆ ಆರನೆಯ ಕಾರೊಂದು ನಿಂತಿತ್ತು, ನಮ್ಮದಲ್ಲ, ಬೆಂಗಳೂರಿನ ನಂಬರಿನದು. ಅದರೊಳಗಿನ ಮನುಷ್ಯ ಹೇಳಿದ, “ಇಷ್ಟು ಜನ ಧೈರ್ಯವಾಗಿ ಹೋಗ್ತಿದ್ದಾರೆ ಅಂದ್ಮೇಲೆ ರೂಲ್ಸ್ ಬದಲಾಗಿರ್ಬೇಕು ಅಂದ್ಕೊಂಡೆ ಸಾರ್.”

ಪೊಲೀಸರು ನನ್ನ ಹತ್ತಿರ ವಾಪಸ್ ಬಂದರು. “ಯಾರಮ್ಮ ನೀವು? ಇವರೆಲ್ಲ ಯಾಕೆ ನಿಮ್ಮ ಹಿಂದೆ ಬರ್ತಾರೆ?”

ನಾನು ಬಾಯಿ ತೆರೆಯುವ ಮೊದಲೇ ಎರಡನೇ ಕಾರಿನವರು ಹೆಮ್ಮೆಯಿಂದ ಕೂಗಿ ಹೇಳಿದರು, “ನಮಗೆಲ್ಲ ಡ್ರೈವಿಂಗ್ ಕಲಿಸಿದ ಮೇಡಂ ಸಾರ್! ಇಪ್ಪತ್ತು ವರ್ಷದಲ್ಲಿ ಒಂದೂ ದಂಡ ಬಿದ್ದಿಲ್ಲ!”

ಭೂಮಿ ಬಾಯಿ ಬಿಡಬಾರದೇ ಎನ್ನಿಸಿತು. ಪೊಲೀಸರು ಗಂಭೀರವಾಗಿ ಆರೂ ಕಾರಿಗೆ ದಂಡದ ರಶೀದಿ ಹರಿದು ಕೊಟ್ಟರು. ಮೊದಲನೆಯದು ನನಗೆ.

ಊರಿಗೆ ಬಂದ ಮೇಲೆ ಎರಡು ದಿನ ಬೋರ್ಡಿನ ಕಡೆ ತಲೆ ಎತ್ತಲಿಲ್ಲ. ಬೆಂಗಳೂರಿನ ದಂಡ ಇಲ್ಲಿ ಯಾರಿಗೆ ಗೊತ್ತಾಗುತ್ತೆ, ಬಿಡು ಎಂದರು ಯಜಮಾನರು. ನನಗೆ ಗೊತ್ತಲ್ಲ! ಸುಳ್ಳು ಬೋರ್ಡುಗಳ ಕಾಟ ಊರಿಗೆ ಆಗಲೇ ಸಾಕಷ್ಟಿತ್ತು, ಅದಕ್ಕೆ ನನ್ನದೊಂದು ಸೇರುವುದು ಬೇಡ. ಪೇಂಟರನ್ನು ಕರೆಸಿದೆ. “ಆ ಸಾಲು ಅಳಿಸಿ, ‘ಇಪ್ಪತ್ತು ವರ್ಷ. ಒಂದೇ ದಂಡ’ ಅಂತ ಬರಿ” ಎಂದು ಹೇಳಿ, ನೋಡಲು ಮನಸ್ಸಾಗದೆ ಒಳಗೆ ಹೋದೆ.

ಸ್ವಲ್ಪ ಹೊತ್ತಿಗೆ ಹೊರಗೆ ಜನ ನಗುವುದು ಕೇಳಿಸಿತು. ಹೋಗಿ ನೋಡಿದರೆ ನಾನು ಹೇಳಿದ ಸಾಲು ಇತ್ತು. ಅದರ ಕೆಳಗೆ, ಕೈಯಲ್ಲಿ ಬ್ರಷ್ ಇದ್ದ ಧೈರ್ಯಕ್ಕೆ, ಪೇಂಟರ್ ತನ್ನದೂ ಒಂದು ಸಾಲು ಸೇರಿಸಿದ್ದ:

‘ಅದನ್ನೂ ಶಿಷ್ಯರಿಗೆ ಸಮನಾಗಿ ಹಂಚಿದ್ದಾರೆ.’